ವೆಲೋಡ್ರೋಮ್‌ನಲ್ಲಿ ಸೈಕಲ್ ಕಂಪ್ಯೂಟರ್ ಯಾಕೆ ಮರೆಮಾಡಬೇಕು? ಅದು ತೋರಿಸುವ ವೇಗ ಎಷ್ಟು ನಿಜ?

ಸೈಕಲ್ ಹ್ಯಾಂಡಲ್ ಮೇಲೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಪರದೆ. ವೇಗ, ದೂರ, ಎದೆಬಡಿತ, ನಿಮಿಷಕ್ಕೆ ಎಷ್ಟು ಸಲ ಪೆಡಲ್ ತುಳಿದಿರಿ ಎಂಬ ಲೆಕ್ಕ, ಎಲ್ಲವೂ ಅದರಲ್ಲೇ ಸಿಗುತ್ತದೆ. ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ನಂದಿ ಬೆಟ್ಟದ ಕಡೆ ಹೊರಡುವ ಸೈಕಲ್ ಗುಂಪುಗಳನ್ನು ನೋಡಿ, ಬಹಳ ಜನರ ಹ್ಯಾಂಡಲ್ ಮೇಲೆ ಇದು ಇರುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಬೈಕ್ ಕಂಪ್ಯೂಟರ್ ಅನ್ನುತ್ತಾರೆ. ನಮ್ಮಲ್ಲಿ ಬೈಕ್ ಎಂದರೆ ಪೆಟ್ರೋಲ್ ಗಾಡಿ, ಹಾಗಾಗಿ ಈ ಬರಹದಲ್ಲಿ ಸೈಕಲ್ ಕಂಪ್ಯೂಟರ್ ಎಂದೇ ಕರೆಯೋಣ.

ಇದೇ ಸವಾರ ರಸ್ತೆ ಬಿಟ್ಟು ವೆಲೋಡ್ರೋಮ್‌ಗೆ, ಅಂದರೆ ಸೈಕಲ್ ರೇಸಿಗೆಂದೇ ಕಟ್ಟಿದ ಇಳಿಜಾರು ಗೋಡೆಯ ಟ್ರ್ಯಾಕ್‌ಗೆ ಹೋದರೆ, ಅನೇಕ ಕಡೆ ಮೊದಲು ಕೇಳಿಸುವ ಮಾತು ಒಂದೇ: "ಆ ಕಂಪ್ಯೂಟರ್ ತೆಗೆದಿಡಿ, ಇಲ್ಲವೇ ಕಣ್ಣಿಗೆ ಬೀಳದ ಕಡೆ ಕಟ್ಟಿ." ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ತನ್ನ ಟ್ರ್ಯಾಕ್ ಸ್ಪರ್ಧೆಗಳ ನಿಯಮದಲ್ಲೇ ಇದನ್ನು ಬರೆದಿದೆ. ಸೈಕಲ್ ಮೇಲೆ ಪರದೆಯಿರುವ ಎಲೆಕ್ಟ್ರಾನಿಕ್ ಸಾಧನ ಇದ್ದರೆ ಅದನ್ನು ಸವಾರನಿಗೆ ಓದಲು ಆಗದಂತೆ ಮರೆಮಾಡಿರಬೇಕು. ಟ್ರ್ಯಾಕ್ ಮೇಲೆ ಬೀಳಬಹುದಾದ ಯಾವ ವಸ್ತುವೂ ಮೈಮೇಲಾಗಲಿ ಸೈಕಲ್ ಮೇಲಾಗಲಿ ಇರಬಾರದು. ಹಾಡು ಕೇಳುವ ಸಾಧನವೂ ಇಲ್ಲ, ರೇಡಿಯೋ ಸಂಪರ್ಕವೂ ಇಲ್ಲ.

ಇದನ್ನು ಕೇಳಿದ ಅನೇಕರಿಗೆ ವಿಚಿತ್ರ ಅನ್ನಿಸುತ್ತದೆ. ಲಕ್ಷಾಂತರ ರೂಪಾಯಿಯ ಕಾರ್ಬನ್ ಸೈಕಲ್, ಗಾಳಿ ಸೀಳುವ ಹೆಲ್ಮೆಟ್, ವಿಜ್ಞಾನಿಗಳ ತಂಡ, ಎಲ್ಲಾ ಇದ್ದೂ ಸವಾರನಿಗೆ ತನ್ನ ವೇಗ ನೋಡಿಕೊಳ್ಳಲು ಬಿಡುವುದಿಲ್ಲವೆಂದರೆ? ಹಳೇ ಕಾಲದವರ ಹಟ ಇರಬೇಕು ಅಂದುಕೊಳ್ಳುವವರಿದ್ದಾರೆ. ಕಾರಣ ಬೇರೆಯೇ ಇದೆ, ಅದರ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಇನ್ನೊಂದು ವಿಷಯ ಇದಕ್ಕಿಂತ ಕಡಿಮೆ ಜನಕ್ಕೆ ಗೊತ್ತು: ವೆಲೋಡ್ರೋಮ್‌ನೊಳಗೆ ಆ ಪರದೆ ತೋರಿಸುವ ಅಂಕಿ ಎಷ್ಟೋ ಸಲ ಸರಿಯಾಗಿಯೇ ಇರುವುದಿಲ್ಲ.

ಬ್ರೇಕ್ ಇಲ್ಲದ ಸೈಕಲ್, ಗೋಡೆಯಂಥ ರಸ್ತೆ

ಒಲಿಂಪಿಕ್ಸ್ ಮಟ್ಟದ ವೆಲೋಡ್ರೋಮ್ ಒಂದು ಸುತ್ತಿಗೆ 250 ಮೀಟರ್. ಮರದ ಹಲಗೆಗಳನ್ನು ಜೋಡಿಸಿ ಮಾಡಿದ ನೆಲ, ಅಗಲ ಏಳೆಂಟು ಮೀಟರ್. ನೇರ ಭಾಗದಲ್ಲೂ ಸ್ವಲ್ಪ ಓರೆ ಇರುತ್ತದೆ. ತಿರುವಿಗೆ ಬಂದರೆ ಓರೆ 42 ಡಿಗ್ರಿ ಅಥವಾ ಇನ್ನೂ ಹೆಚ್ಚು. ದೊಡ್ಡ ಬಾಣಲೆಯ ಒಳಮೈಯನ್ನು ನೆನಪಿಸಿಕೊಳ್ಳಿ. ತಿರುವಿನ ಮೇಲಂಚು ಕೆಳಂಚಿಗಿಂತ ಸುಮಾರು ನಾಲ್ಕೂವರೆ ಮೀಟರ್ ಎತ್ತರದಲ್ಲಿರುತ್ತದೆ, ಅಂದರೆ ಒಂದು ಮಹಡಿಗಿಂತ ಜಾಸ್ತಿ. ಜಾತ್ರೆಯಲ್ಲಿ ಮರದ ಬಾವಿಯೊಳಗೆ ಬೈಕ್ ಸುತ್ತಿಸುವ ಆಟ ನೋಡಿದವರಿಗೆ ಇದರ ತತ್ವ ಅರ್ಥವಾಗುತ್ತದೆ. ವೇಗ ಇದ್ದರೆ ಗೋಡೆ ನಿಮ್ಮನ್ನು ಹಿಡಿದುಕೊಳ್ಳುತ್ತದೆ, ವೇಗ ಇಳಿದರೆ ಜಾರಿಸುತ್ತದೆ. ಇಂಥ ಟ್ರ್ಯಾಕ್‌ನಲ್ಲಿ ಹೊಸಬರಿಗೆ ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲಿ ಇರಿ, ಅದಕ್ಕಿಂತ ತೀರಾ ಇಳಿಯಬೇಡಿ ಎಂದು ಹೇಳಿಕೊಡುವುದು ಇದಕ್ಕೇ.

ಸೈಕಲ್ ಕೂಡ ಬೇರೆ ಥರದ್ದು. ಇದಕ್ಕೆ ಬ್ರೇಕ್ ಇಲ್ಲ, ಫ್ರೀವೀಲ್ ಇಲ್ಲ. ನಮ್ಮ ಮನೆಯ ಸೈಕಲ್‌ನಲ್ಲಿ ಇಳಿಜಾರಿನಲ್ಲಿ ತುಳಿಯುವುದು ನಿಲ್ಲಿಸಿದರೆ ಹಿಂದಿನ ಗಾಲಿ ಟಿಕ್ ಟಿಕ್ ಎನ್ನುತ್ತಾ ಉರುಳುತ್ತದಲ್ಲ, ಇಲ್ಲಿ ಅದು ಆಗುವುದಿಲ್ಲ. ಗಾಲಿ ತಿರುಗುವವರೆಗೆ ಪೆಡಲ್ ತಿರುಗಲೇಬೇಕು, ಕಾಲೂ ತಿರುಗಲೇಬೇಕು. ನಿಧಾನ ಮಾಡಬೇಕೆಂದರೆ ಪೆಡಲ್‌ಗೆ ಕಾಲಿನಿಂದ ಹಿಂದಕ್ಕೆ ಒತ್ತು ಕೊಡಬೇಕು, ಅಥವಾ ಟ್ರ್ಯಾಕ್‌ನ ಮೇಲ್ಭಾಗಕ್ಕೆ ಹತ್ತಿ ವೇಗ ಕಳೆದುಕೊಳ್ಳಬೇಕು. ತಟ್ಟನೆ ನಿಲ್ಲಿಸುವುದು ಎಂಬ ಮಾತೇ ಇಲ್ಲ.

ರೇಸಿಂಗ್ ಸೈಕಲ್‌ಗೆ ಬ್ರೇಕ್ ಇಲ್ಲ ಎಂದರೆ ಕೇಳಿದವರು ಬೆಚ್ಚುತ್ತಾರೆ. ನಿಜವಾಗಿ ನೋಡಿದರೆ ಗುಂಪಿನಲ್ಲಿ ಯಾರೂ ತಟ್ಟನೆ ನಿಲ್ಲಲಾರರು ಎಂಬುದೇ ಎಲ್ಲರಿಗೂ ರಕ್ಷಣೆ. ಮುಂದಿನವನು ಬ್ರೇಕ್ ಒತ್ತಿದ್ದರಿಂದ ಹಿಂದಿನವನು ಹೋಗಿ ಗುದ್ದುವ ಅಪಘಾತ ಇಲ್ಲಿಲ್ಲ. ಆದರೆ ಈ ರಕ್ಷಣೆ ಕೆಲಸ ಮಾಡಬೇಕಾದರೆ ಪ್ರತಿಯೊಬ್ಬನ ಕಣ್ಣೂ ಮುಂದೆಯೇ ಇರಬೇಕು.

ಒಂದು ಸೆಕೆಂಡಿನ ನೋಟದ ಬೆಲೆ

ಗಂಟೆಗೆ 50 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ತಲೆ ತಗ್ಗಿಸಿ, ಹ್ಯಾಂಡಲ್ ಮೇಲಿನ ಸಣ್ಣ ಅಂಕಿಯನ್ನು ಓದಿ, ಮತ್ತೆ ತಲೆ ಎತ್ತಲು ಒಂದು ಸೆಕೆಂಡ್ ಹಿಡಿಯಿತು ಅಂದುಕೊಳ್ಳಿ. ಅಷ್ಟರಲ್ಲಿ 14 ಮೀಟರ್ ಕಣ್ಣುಮುಚ್ಚಿ ಓಡಿದಂತಾಯಿತು. 250 ಮೀಟರ್ ಟ್ರ್ಯಾಕ್‌ನಲ್ಲಿ ಅಷ್ಟು ದೂರದಲ್ಲಿ ನೇರ ದಾರಿ ಮುಗಿದು ತಿರುವು ಶುರುವಾಗಿರಬಹುದು.

ಇದು ಒಬ್ಬರೇ ಇದ್ದಾಗಿನ ಕಥೆ. ತರಬೇತಿಯಲ್ಲಿ ಬಹಳ ಸಲ ಸಾಲಾಗಿ ಓಡಿಸುತ್ತಾರೆ. ಮುಂದಿನವರ ಹಿಂಗಾಲಿಗೂ ನಿಮ್ಮ ಮುಂಗಾಲಿಗೂ ನಡುವೆ ಒಂದು ಗೇಣು, ಹೆಚ್ಚೆಂದರೆ ಒಂದೂವರೆ ಗೇಣು ಜಾಗ. ಮುಂದಿನವರ ಬೆನ್ನ ಹಿಂದೆ ಗಾಳಿಯ ಹೊಡೆತ ಕಡಿಮೆ, ಅದಕ್ಕೇ ಇಷ್ಟು ಹತ್ತಿರ. ಈಗ ಮುಂದಿನವರು ಆಯಾಸಕ್ಕೆ ಸ್ವಲ್ಪ, ಬರೀ ಗಂಟೆಗೆ 2 ಕಿ.ಮೀ. ನಿಧಾನ ಆದರು ಎನ್ನೋಣ. ಇಬ್ಬರ ನಡುವಿನ ಜಾಗ ಸೆಕೆಂಡಿಗೆ 55 ಸೆಂಟಿಮೀಟರ್‌ನಂತೆ ಕರಗುತ್ತದೆ. ನಡುವೆ ಇದ್ದದ್ದು 30 ಸೆಂಟಿಮೀಟರ್ ಆದರೆ ಗಾಲಿಗೆ ಗಾಲಿ ತಾಗಲು ಬೇಕಾದದ್ದು ಅರ್ಧ ಸೆಕೆಂಡಿಗಿಂತ ಒಂಚೂರು ಹೆಚ್ಚು. ಆ ಹೊತ್ತಿಗೆ ನೀವು ಇನ್ನೂ ಪರದೆಯ ಮೇಲಿನ ಅಂಕಿ 48ರದೋ 46ರದೋ ಎಂದು ಓದುತ್ತಿರುತ್ತೀರಿ.

ಗಾಲಿ ತಾಗಿದರೆ ಬೀಳುವವರು ಸಾಮಾನ್ಯವಾಗಿ ಹಿಂದಿನವರು. ಅವರ ಹಿಂದೆ ಇನ್ನೂ ಮೂರು ಜನ ಇದ್ದರೆ ಅವರಿಗೂ ಬ್ರೇಕ್ ಇಲ್ಲ. ತಪ್ಪು ಮಾಡಿದವರೊಬ್ಬರು, ಬೀಳುವವರು ನಾಲ್ವರು. ಹೀಗಾಗಿ "ನನ್ನ ಸೈಕಲ್, ನನ್ನ ಕಂಪ್ಯೂಟರ್, ನಾನು ನೋಡಿಕೊಂಡರೆ ನಿಮಗೇನು?" ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ರಸ್ತೆಯಲ್ಲಿ ಮೊಬೈಲ್ ನೋಡುತ್ತಾ ಗಾಡಿ ಓಡಿಸುವವರು ಹೇಳುವುದೂ ಇದೇ ಮಾತು.

ಇನ್ನೊಂದು ಅಪಾಯ ನೋಟದ್ದಲ್ಲ, ವಸ್ತುವಿನದ್ದು. ಕ್ಲಿಪ್ ಸಡಿಲವಾಗಿ ಕಂಪ್ಯೂಟರ್ ಕಳಚಿ ಬಿತ್ತು ಎನ್ನಿ. ರಸ್ತೆಯಲ್ಲಾದರೆ ಅದು ಬಿದ್ದಲ್ಲೇ ಬಿದ್ದಿರುತ್ತದೆ, ಹಿಂತಿರುಗಿ ಹೋಗಿ ಎತ್ತಿಕೊಳ್ಳಬಹುದು. 42 ಡಿಗ್ರಿ ಓರೆಯ ಮೇಲೆ ಬಿದ್ದದ್ದು ಕೆಳಕ್ಕೆ ಜಾರುತ್ತದೆ. ಕೆಳಗೆ ಇರುವುದು ಕಪ್ಪು ಗೆರೆ. ಟ್ರ್ಯಾಕ್‌ನ ಅತಿ ಹತ್ತಿರದ ದಾರಿ ಅದು, ಆದ್ದರಿಂದ ಅತಿ ವೇಗದ ಸವಾರರು ಓಡಿಸುವುದೂ ಅಲ್ಲೇ. ಮೇಲಿನಿಂದ ಬಿದ್ದ ನೂರು ಗ್ರಾಮಿನ ಪ್ಲಾಸ್ಟಿಕ್ ತುಂಡು ನೇರವಾಗಿ ಅವರ ದಾರಿಗೇ ಬಂದು ನಿಲ್ಲುತ್ತದೆ. ಜೆರ್ಸಿಯ ಹಿಂದಿನ ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು ಟ್ರ್ಯಾಕ್ ಹತ್ತಬಾರದು ಎನ್ನುವುದಕ್ಕೂ ಇದೇ ಕಾರಣ.

ಸರಿ, ನೋಡಿದರೂ ಸಿಗುವ ಅಂಕಿ ಏನು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಅಪಾಯ ಇದ್ದರೂ ಇರಲಿ, ಅಂಕಿ ನಿಜವಾದದ್ದು ತಾನೇ ಎಂದು ಕೇಳಬಹುದು. ಸೈಕಲ್ ಕಂಪ್ಯೂಟರ್‌ಗೆ ವೇಗ ಗೊತ್ತಾಗುವುದು ಎರಡು ದಾರಿಯಲ್ಲಿ. ಒಂದು ಜಿಪಿಎಸ್, ಇನ್ನೊಂದು ಗಾಲಿಗೆ ಕಟ್ಟಿದ ಸೆನ್ಸರ್.

ಜಿಪಿಎಸ್‌ಗೆ ಆಕಾಶ ಕಾಣಬೇಕು. ಮುಚ್ಚಿದ ವೆಲೋಡ್ರೋಮ್‌ನ ಮೇಲೆ ಉಕ್ಕಿನ ಚಾವಣಿ ಇದೆ. ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣ ಸಂಕೀರ್ಣದಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ಕಟ್ಟಿದ, 2022ರ ಏಷ್ಯನ್ ಟ್ರ್ಯಾಕ್ ಚಾಂಪಿಯನ್‌ಶಿಪ್ ನಡೆದ ಟ್ರ್ಯಾಕ್ ಅಂಥದ್ದು. ಉಪಗ್ರಹದ ಸಂಕೇತ ಅಲ್ಲಿಗೆ ಬರುವುದೇ ಇಲ್ಲ, ಬಂದರೂ ಗೋಡೆ, ಕಂಬಗಳಿಗೆ ಬಡಿದು ಸುತ್ತಿ ಬಳಸಿ ಬರುತ್ತದೆ. ಸಂಕೇತ ಬಳಸಿ ಬಂದರೆ ಸಾಧನ ನಿಮ್ಮನ್ನು ನೀವಿಲ್ಲದ ಜಾಗದಲ್ಲಿ ಇದ್ದಂತೆ ಲೆಕ್ಕ ಹಾಕುತ್ತದೆ. ಮುಂದಿನ ಸೆಕೆಂಡಿಗೆ ಸರಿಯಾದ ಜಾಗ ಸಿಕ್ಕಿತು ಎನ್ನಿ. ಈ ಎರಡು ಜಾಗಗಳ ನಡುವೆ ನೀವು ಒಂದೇ ಸೆಕೆಂಡಿನಲ್ಲಿ ಹಾರಿದಂತೆ ದಾಖಲಾಗುತ್ತದೆ. "ಗರಿಷ್ಠ ವೇಗ" ಎಂಬ ಸಾಲಿನಲ್ಲಿ ಮೈ ಜುಮ್ ಎನ್ನಿಸುವ ಅಂಕಿ ಮೂಡುವುದು ಹೀಗೆ. ನಕ್ಷೆಯನ್ನು ತೆರೆದರೆ ಮಗು ಗೀಚಿದ ಗೆರೆಗಳಂತೆ ಕಾಣುತ್ತದೆ.

ಬಯಲಿನ ಟ್ರ್ಯಾಕ್ ಆದರೆ? ನಮ್ಮ ದೇಶದಲ್ಲಿ ಇಂಥವೂ ಇವೆ. ತಿರುವನಂತಪುರದ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಕಾಲೇಜಿನದ್ದು ಬಯಲಿನಲ್ಲಿರುವ ಕಾಂಕ್ರೀಟ್ ಟ್ರ್ಯಾಕ್. ಇಲ್ಲಿ ಸಂಕೇತ ಚೆನ್ನಾಗಿ ಸಿಗುತ್ತದೆ, ಆದರೂ ತೊಂದರೆ ಪೂರ್ತಿ ಹೋಗುವುದಿಲ್ಲ. ತೆರೆದ ಬಯಲಿನಲ್ಲೂ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಹೆದ್ದಾರಿಯಲ್ಲಿ 40 ಕಿ.ಮೀ. ಹೋಗುವಾಗ ಈ ತಪ್ಪು ಲೆಕ್ಕಕ್ಕೆ ಬರುವುದಿಲ್ಲ. ಟ್ರ್ಯಾಕ್‌ನ ಅಗಲವೇ ಏಳೆಂಟು ಮೀಟರ್ ಇರುವಾಗ ಬರುತ್ತದೆ.

ಇದಲ್ಲದೆ ಜಿಪಿಎಸ್ ನಿಮ್ಮ ದಾರಿಯನ್ನು ಚುಕ್ಕಿಗಳಾಗಿ ಗುರುತಿಸಿ, ಚುಕ್ಕಿಗಳ ನಡುವೆ ನೇರ ಗೆರೆ ಎಳೆಯುತ್ತದೆ. ನೀವು ಬಾಗಿ ಹೋದ ದಾರಿಯನ್ನು ಅದು ಕತ್ತರಿಸಿಕೊಂಡು ಹೋಗುತ್ತದೆ. ಸೆಕೆಂಡಿಗೊಂದು ಚುಕ್ಕಿ ಇದ್ದರೆ ತಿರುವಿನಲ್ಲಿ ಪ್ರತಿ 14 ಮೀಟರಿಗೆ 20 ಸೆಂಟಿಮೀಟರ್‌ನಷ್ಟು ಕಳೆಯುತ್ತದೆ, ದೊಡ್ಡ ಮಾತಲ್ಲ. ಆದರೆ ಕೆಲವು ಸಾಧನಗಳು ಜಾಗ ಉಳಿಸಲು ಪ್ರತಿ ಸೆಕೆಂಡಿಗೂ ಚುಕ್ಕಿ ಇಡುವುದಿಲ್ಲ. ಐದು ಸೆಕೆಂಡಿಗೊಂದು ಇಟ್ಟರೆ 50 ಕಿ.ಮೀ. ವೇಗದಲ್ಲಿ ಚುಕ್ಕಿಯಿಂದ ಚುಕ್ಕಿಗೆ 70 ಮೀಟರ್. 250 ಮೀಟರ್ ಸುತ್ತಿಗೆ ಸಿಗುವುದು ಮೂರೋ ನಾಲ್ಕೋ ಚುಕ್ಕಿ. ಬಳೆ ಬರೆಯಲು ಹೇಳಿದರೆ ಚೌಕ ಬರೆದಂತೆ! ದೂರ ಕಡಿಮೆ ಬರುತ್ತದೆ, ದೂರದ ಜೊತೆಗೆ ಸರಾಸರಿ ವೇಗವೂ.

ಗಾಲಿಗೆ ಸೆನ್ಸರ್ ಕಟ್ಟಿದರೆ ಈ ಗೋಳಿಲ್ಲ. ಅದು ಗಾಲಿ ಎಷ್ಟು ಸಲ ತಿರುಗಿತು ಎಂದಷ್ಟೇ ಎಣಿಸುತ್ತದೆ, ಅದನ್ನು ಗಾಲಿಯ ಸುತ್ತಳತೆಯಿಂದ ಗುಣಿಸಿದರೆ ದೂರ ಸಿಗುತ್ತದೆ. ಇಲ್ಲಿ ಎಲ್ಲವೂ ನಿಂತಿರುವುದು ಆ ಸುತ್ತಳತೆಯ ಮೇಲೆ. ರಸ್ತೆ ಸೈಕಲ್‌ಗೆ ಹೊಂದಿಸಿದ್ದ 2.105 ಮೀಟರನ್ನು ಬದಲಿಸದೆ, ಸುತ್ತಳತೆ 2.085 ಮೀಟರ್ ಇರುವ ತೆಳು ಟೈರಿನ ಟ್ರ್ಯಾಕ್ ಸೈಕಲ್‌ಗೆ ಕಟ್ಟಿದರೆ ಶೇಕಡಾ 1ರಷ್ಟು ಜಾಸ್ತಿ ತೋರಿಸುತ್ತದೆ. ಸುತ್ತಿಗೆ ಎರಡೂವರೆ ಮೀಟರ್. ಶೇಕಡಾ 1 ಏನು ಮಹಾ ಎನ್ನಬೇಡಿ. ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ಓಡಿಸುವ ವಿಶ್ವದಾಖಲೆಯನ್ನು 2015ರಲ್ಲಿ ಬ್ರಾಡ್ಲಿ ವಿಗ್ಗಿನ್ಸ್ ಲಂಡನ್ನಿನಲ್ಲಿ 54.526 ಕಿ.ಮೀ.ಗೆ ಏರಿಸಿದ್ದರು. 2019ರಲ್ಲಿ ಬೆಲ್ಜಿಯಂನ ವಿಕ್ಟರ್ ಕಾಂಪೆನಾರ್ಟ್ಸ್ ಮೆಕ್ಸಿಕೋದಲ್ಲಿ 55.089 ಕಿ.ಮೀ. ಓಡಿಸಿ ಅದನ್ನು ಮುರಿದರು. ಅಂತರ 563 ಮೀಟರ್, ಹೆಚ್ಚುಕಡಿಮೆ ಅದೇ ಶೇಕಡಾ 1. ಟೈರಿನ ಅಳತೆ ತಪ್ಪಿದರೆ ಸಾಕು, ವಿಶ್ವದಾಖಲೆಯಷ್ಟು ವ್ಯತ್ಯಾಸ ಕಾಣುತ್ತದೆ.

ಕೆಲವು ಕಂಪ್ಯೂಟರ್‌ಗಳು ಜಿಪಿಎಸ್ ಜೊತೆ ಹೋಲಿಸಿ ಸುತ್ತಳತೆಯನ್ನು ತಾವೇ ಲೆಕ್ಕ ಹಾಕಿಕೊಳ್ಳುತ್ತವೆ. ರಸ್ತೆಯಲ್ಲಿ ಇದು ಒಳ್ಳೆಯ ಸೌಕರ್ಯ. ಚಾವಣಿಯ ಕೆಳಗೆ ಮಾತ್ರ ತಪ್ಪು ಜಿಪಿಎಸ್ ನೋಡಿ ಸರಿಯಿದ್ದ ಸುತ್ತಳತೆಯನ್ನೂ ಕೆಡಿಸಿಕೊಳ್ಳುವ ಸಾಧ್ಯತೆ ಇದೆ. ಟ್ರ್ಯಾಕ್‌ಗೆ ಹೋಗುವ ಮುನ್ನ ಜಿಪಿಎಸ್ ಆರಿಸಿ, ಸುತ್ತಳತೆಯನ್ನು ಕೈಯಿಂದಲೇ ತುಂಬಿಸುವುದು ಒಳ್ಳೆಯದು. ಅಳೆಯುವುದು ಸುಲಭ: ಗಾಳಿ ಸರಿಯಾಗಿ ತುಂಬಿ, ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಸೈಕಲ್ ಮೇಲೆ ಕೂತು ಒಂದು ಸುತ್ತು ಉರುಳಿಸಿ, ನೆಲದ ಮೇಲೆ ಬಿದ್ದ ಎರಡು ಗುರುತುಗಳ ನಡುವೆ ಟೇಪ್ ಹಿಡಿಯಿರಿ.

ಸುತ್ತಳತೆಯೂ ಸರಿಯಾಯಿತು ಎನ್ನೋಣ. ಆಗಲೂ ಲೆಕ್ಕ ಹೊಂದುವುದಿಲ್ಲ! 250 ಮೀಟರ್ ಎಂದು ಅಳೆದಿರುವುದು ಕಪ್ಪು ಗೆರೆಯ ಮೇಲೆ, ಅಂದರೆ ಒಳಅಂಚಿನಿಂದ 20 ಸೆಂಟಿಮೀಟರ್ ಮೇಲೆ. ನೀವು ಅದಕ್ಕಿಂತ ಮೇಲೆ ಓಡಿಸಿದರೆ ಸುತ್ತು ದೊಡ್ಡದಾಗುತ್ತದೆ. ಎಷ್ಟು ದೊಡ್ಡದು? ಶಾಲೆಯಲ್ಲಿ ಕಲಿತ 2 ಪೈ ಆರ್ ನೆನಪಿದೆಯೇ? ಯಾವ ಟ್ರ್ಯಾಕೇ ಆಗಲಿ, ಅಡ್ಡಕ್ಕೆ ಒಂದು ಮೀಟರ್ ಹೊರಗೆ ಹೋದರೆ ಸುತ್ತಿಗೆ 6.28 ಮೀಟರ್ ಜಾಸ್ತಿ. ಇಲ್ಲಿ ನೆಲ ಓರೆಯಾಗಿರುವುದರಿಂದ ಗೋಡೆಯ ಮೇಲೆ ಒಂದು ಮೀಟರ್ ಹತ್ತಿದರೂ ಅಡ್ಡಕ್ಕೆ ಸರಿದಿರುವುದು ಮುಕ್ಕಾಲು ಮೀಟರ್ ಅಷ್ಟೇ, ಹಾಗಾಗಿ ಸುತ್ತಿಗೆ ಸುಮಾರು ನಾಲ್ಕೂವರೆ ಮೀಟರ್ ಸೇರುತ್ತದೆ. ಹೊಸಬರು ಹೆಚ್ಚಾಗಿ ಓಡಿಸುವ ನೀಲಿ ಗೆರೆ ಕಪ್ಪು ಗೆರೆಗಿಂತ ಎರಡು ಮೀಟರಿಗೂ ಮೇಲಿದೆ. ಅಲ್ಲಿ 40 ಸುತ್ತು ಹಾಕಿದವರ ಗಾಲಿ 10 ಕಿ.ಮೀ. ಜೊತೆಗೆ ಇನ್ನೂ 400 ಮೀಟರ್ ಓಡಿರುತ್ತದೆ. ಗೋಡೆಯ ಸುತ್ತಿನ ಫಲಕ 10 ಕಿ.ಮೀ. ಅನ್ನುತ್ತದೆ, ಕಂಪ್ಯೂಟರ್ 10.4 ಅನ್ನುತ್ತದೆ. ಎರಡೂ ಸುಳ್ಳಲ್ಲ, ಅಳೆಯುತ್ತಿರುವುದೇ ಬೇರೆ ಬೇರೆ.

ಇದಕ್ಕಿಂತ ತಮಾಷೆಯ ಸಂಗತಿ ಇನ್ನೊಂದಿದೆ. ಗಾಲಿಯ ಸೆನ್ಸರ್ ನೋಡಿದರೆ ಪ್ರತಿ ತಿರುವಿನಲ್ಲೂ ವೇಗ ಗಂಟೆಗೆ ಒಂದೆರಡು ಕಿ.ಮೀ. ಏರಿ, ನೇರ ದಾರಿಗೆ ಬಂದಾಗ ಇಳಿಯುತ್ತದೆ. ಹೊಸಬರು ತಾವು ತಿರುವಿನಲ್ಲಿ ಜೋರು ತುಳಿಯುತ್ತೇವೆ ಅಂದುಕೊಳ್ಳುತ್ತಾರೆ. ಆಗುವುದು ಇಷ್ಟು: ತಿರುವಿನಲ್ಲಿ ಸವಾರ ಒಳಗೆ ವಾಲಿರುತ್ತಾನೆ. ಗಾಲಿ ಕಪ್ಪು ಗೆರೆಯ ಮೇಲಿದ್ದರೂ ದೇಹ ಅರ್ಧ ಮೀಟರಿಗಿಂತ ಹೆಚ್ಚು ಒಳಗಿರುತ್ತದೆ, ಅಂದರೆ ದೇಹದ ಸುತ್ತು ಚಿಕ್ಕದು. ಗಾಲಿ 250 ಮೀಟರ್ ಓಡುವಾಗ ದೇಹ ಓಡುವುದು ಸುಮಾರು 246 ಮೀಟರ್. ದೇಹ ಒಂದೇ ವೇಗದಲ್ಲಿ ಹೋಗುತ್ತಿದ್ದರೂ ಹೊರಸುತ್ತಿನಲ್ಲಿರುವ ಗಾಲಿ ಅದರ ಜೊತೆ ಇರಲು ಓಡಬೇಕಾಗುತ್ತದೆ. ಪರದೆ ನೋಡಿ "ನೇರ ದಾರಿಯಲ್ಲಿ ವೇಗ ಇಳಿಯುತ್ತಿದೆ, ಅಲ್ಲಿ ಇನ್ನಷ್ಟು ತುಳಿಯಬೇಕು" ಎಂದು ತೀರ್ಮಾನಿಸಿದವರು ಪ್ರತಿ ಸುತ್ತಿಗೂ ಎರಡು ಸಲ ಸುಮ್ಮಸುಮ್ಮನೆ ಶಕ್ತಿ ಸುರಿಯುತ್ತಾರೆ.

ಅಂಕಿ ತಡವಾಗಿ ಬರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಪವರ್, ಅಂದರೆ ಕಾಲು ಹಾಕುವ ಬಲದ ಲೆಕ್ಕ, ಪರದೆಯ ಮೇಲೆ ಕುಣಿಯದಿರಲಿ ಎಂದು ಅನೇಕರು ಮೂರು ಸೆಕೆಂಡಿನ ಸರಾಸರಿ ಇಟ್ಟುಕೊಳ್ಳುತ್ತಾರೆ. ಗಂಟೆಗೆ 60 ಕಿ.ಮೀ. ಹೋಗುವಾಗ ಮೂರು ಸೆಕೆಂಡ್ ಎಂದರೆ 50 ಮೀಟರ್, ಸುತ್ತಿನ ಐದನೇ ಒಂದು ಪಾಲು. ತಿರುವಿನಲ್ಲಿ ಕಾಣುವ ಅಂಕಿ ಹಿಂದೆ ಬಿಟ್ಟುಬಂದ ದಾರಿಯದ್ದು. ಎದೆಬಡಿತ ಇನ್ನೂ ನಿಧಾನ. 200 ಮೀಟರ್ ಓಟ ಹತ್ತು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ, ಎದೆಬಡಿತ ತುದಿಗೇರುವುದು ಅದರ ನಂತರ.

ಹಾಗಾದರೆ ಅವರಿಗೆ ವೇಗ ಗೊತ್ತಾಗುವುದು ಹೇಗೆ?

ಕಾಲಿನಿಂದ. ಇದು ಕಾವ್ಯದ ಮಾತಲ್ಲ. ಫ್ರೀವೀಲ್ ಇಲ್ಲದ, ಒಂದೇ ಗೇರಿನ ಸೈಕಲ್‌ನಲ್ಲಿ ಪೆಡಲ್ ತಿರುಗುವ ಲಯಕ್ಕೂ ವೇಗಕ್ಕೂ ಗಂಟು ಬಿದ್ದಿರುತ್ತದೆ. ಮುಂದೆ 48 ಹಲ್ಲು, ಹಿಂದೆ 15 ಹಲ್ಲು ಇರುವ, ಕಲಿಯುವವರಿಗೆ ಹೊಂದುವ ಸೈಕಲ್ ತೆಗೆದುಕೊಳ್ಳಿ. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ 6.7 ಮೀಟರ್ ಮುಂದೆ ಹೋಗುತ್ತದೆ, ಪ್ರತಿ ಸಲವೂ ಅಷ್ಟೇ. ಗಂಟೆಗೆ 30 ಕಿ.ಮೀ. ಎಂದರೆ ನಿಮಿಷಕ್ಕೆ 75 ಸುತ್ತು, ನಾಲ್ಕು ಸೆಕೆಂಡಿಗೆ ಐದು. ಈ ಲಯ ಕಾಲಿಗೆ ಹತ್ತಿಬಿಟ್ಟರೆ ಜಾರುವಷ್ಟು ನಿಧಾನವಾಗಿದ್ದೇವೆಯೋ ಇಲ್ಲವೋ ಎಂದು ತಿಳಿಯಲು ಯಾವ ಪರದೆಯೂ ಬೇಕಿಲ್ಲ. ತಾಳ ಹಿಡಿದು ಹಾಡುವವರು ಗಡಿಯಾರ ನೋಡುತ್ತಾರೆಯೇ?

ಎರಡನೆಯದು ಗಡಿಯಾರ, ಆದರೆ ಅದು ಟ್ರ್ಯಾಕ್ ಪಕ್ಕದಲ್ಲಿ ನಿಂತವರ ಕೈಯಲ್ಲಿ. ಒಂದು ಸುಲಭ ಸೂತ್ರ ನೆನಪಿಟ್ಟುಕೊಳ್ಳಿ. 250 ಮೀಟರ್ ಟ್ರ್ಯಾಕ್‌ನಲ್ಲಿ ಒಂದು ಸುತ್ತಿಗೆ ಎಷ್ಟು ಸೆಕೆಂಡ್ ಆಯಿತೋ ಅದರಿಂದ 900 ಅನ್ನು ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂಬುದು ಸಿಗುತ್ತದೆ. 30 ಸೆಕೆಂಡ್ ಆದರೆ 30 ಕಿ.ಮೀ., 18 ಸೆಕೆಂಡ್ ಆದರೆ 50, 15 ಸೆಕೆಂಡ್ ಆದರೆ 60. ಟ್ರ್ಯಾಕ್ 333.33 ಮೀಟರ್ ಆದರೆ 900ರ ಬದಲು 1,200. ಸುತ್ತಿನ ಉದ್ದ ಮೊದಲೇ ಅಳೆದಿಟ್ಟದ್ದು, ಸಮಯ ಕಣ್ಣೆದುರು ಹಿಡಿದದ್ದು. ಇದರಲ್ಲಿ ಉಪಗ್ರಹವೂ ಇಲ್ಲ, ಟೈರಿನ ಸುತ್ತಳತೆಯೂ ಇಲ್ಲ, ತಪ್ಪಾಗಲು ಜಾಗವೇ ಕಡಿಮೆ.

ದೊಡ್ಡ ಮಟ್ಟದಲ್ಲೂ ಇದೇ ಪದ್ಧತಿ. 2022ರ ಅಕ್ಟೋಬರ್‌ನಲ್ಲಿ ಇಟಲಿಯ ಫಿಲಿಪ್ಪೊ ಗನ್ನಾ ಸ್ವಿಟ್ಜರ್ಲೆಂಡಿನ ಗ್ರೆಂಚನ್‌ನಲ್ಲಿ ಒಂದು ಗಂಟೆಯಲ್ಲಿ 56.792 ಕಿ.ಮೀ. ಓಡಿಸಿದರು. 227 ಸುತ್ತಿಗೂ ಹೆಚ್ಚು, ಸುತ್ತಿಗೆ 16 ಸೆಕೆಂಡಿಗಿಂತ ಕಡಿಮೆ. ಇಂಥ ಪ್ರಯತ್ನದಲ್ಲೂ ಸವಾರನ ಕಣ್ಣಮುಂದೆ ವೇಗದ ಪರದೆ ಇರುವುದಿಲ್ಲ. ಟ್ರ್ಯಾಕ್ ಪಕ್ಕದಲ್ಲಿ ನಿಂತ ತರಬೇತುದಾರರು ಸುತ್ತಿನ ಸಮಯವನ್ನು ತೋರಿಸುತ್ತಾರೆ, ಅಥವಾ ಕೂಗಿ ಹೇಳುತ್ತಾರೆ. ನಾಲ್ವರು ಸವಾರರ ತಂಡ 4 ಕಿ.ಮೀ. ಓಡಿಸುವ ಟೀಮ್ ಪರ್ಸ್ಯೂಟ್‌ನಲ್ಲಿ ಇನ್ನೂ ಸರಳವಾದ ಉಪಾಯವಿದೆ. ತಂಡ ಗುರಿಗಿಂತ ಮುಂದಿದ್ದರೆ ತರಬೇತುದಾರರು ಗೆರೆಯಿಂದ ಒಂದು ಕಡೆಗೆ ಹೆಜ್ಜೆ ಸರಿದು ನಿಲ್ಲುತ್ತಾರೆ, ಹಿಂದಿದ್ದರೆ ಇನ್ನೊಂದು ಕಡೆಗೆ. ಹಾದುಹೋಗುವ ಸವಾರರಿಗೆ ತಲೆ ತಗ್ಗಿಸದೆ, ಓರೆಗಣ್ಣಿನಲ್ಲೇ ತಿಳಿದುಹೋಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಓಟವನ್ನು ಆಸ್ಟ್ರೇಲಿಯಾ ತಂಡ 3 ನಿಮಿಷ 40.730 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆಯಿತು. ಸರಾಸರಿ ಗಂಟೆಗೆ 65 ಕಿ.ಮೀ.

ಕಂಪ್ಯೂಟರ್ ಬೇಡವೇ ಬೇಡ ಎಂದೇ?

ಹಾಗಲ್ಲ. ನಿಯಮ ಹೇಳುವುದು ಓದಲು ಆಗಬಾರದು ಎಂದು, ದಾಖಲಿಸಬಾರದು ಎಂದಲ್ಲ. ಸೀಟಿನ ಕೆಳಗೆ ಭದ್ರವಾಗಿ ಕಟ್ಟಿದ ಕಂಪ್ಯೂಟರ್ ತನ್ನ ಪಾಡಿಗೆ ಎಲ್ಲವನ್ನೂ ಬರೆದುಕೊಳ್ಳುತ್ತಿರುತ್ತದೆ. ಇಳಿದ ಮೇಲೆ ಕೂತು ನೋಡಬಹುದು.

ಅದರಲ್ಲಿ ಬಹಳ ಬೆಲೆಯುಳ್ಳದ್ದು ಪವರ್ ಮೀಟರ್. ಜರ್ಮನಿಯ ಉಲ್ರಿಚ್ ಶೋಬರರ್ 1980ರ ದಶಕದಲ್ಲಿ ಇದನ್ನು ಸೈಕಲ್‌ಗೆ ತಂದರು. ಪೆಡಲ್ ತುಳಿದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಆ ಬಾಗನ್ನು ಅಳೆದು ಎಷ್ಟು ವ್ಯಾಟ್ ಶಕ್ತಿ ಹಾಕಿದಿರಿ ಎಂದು ಹೇಳುತ್ತದೆ. ಮುಚ್ಚಿದ ವೆಲೋಡ್ರೋಮ್‌ನಲ್ಲಿ ಬೀಸುಗಾಳಿ ಇಲ್ಲ, ಏರಿಳಿತದ ರಸ್ತೆ ಇಲ್ಲ, ಸಿಗ್ನಲ್ ಇಲ್ಲ. ಮೊದಲು ಮೊಣಕೈ ಅಗಲಿಸಿ ಹತ್ತು ಸುತ್ತು, ಆಮೇಲೆ ಮೊಣಕೈ ಒಳಗೆಳೆದು ಅದೇ ಶಕ್ತಿಯಲ್ಲಿ ಹತ್ತು ಸುತ್ತು ಹಾಕಿ, ಸುತ್ತಿನ ಸಮಯ ಹೋಲಿಸಿದರೆ ಯಾವ ಭಂಗಿಗೆ ಗಾಳಿಯ ತಡೆ ಕಡಿಮೆ ಎಂದು ತಿಳಿಯುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟಾಗುವ ಕ್ರೀಡೆಯಲ್ಲಿ ಇದು ಸಣ್ಣ ಲಾಭವಲ್ಲ. ಗನ್ನಾಗಿಂತ ಕೆಲವೇ ವಾರಗಳ ಮೊದಲು ಅದೇ ಗ್ರೆಂಚನ್‌ನಲ್ಲಿ 55.548 ಕಿ.ಮೀ. ಓಡಿಸಿ ದಾಖಲೆ ಮಾಡಿದ್ದ ಡ್ಯಾನ್ ಬಿಗ್ಹ್ಯಾಮ್ ವೃತ್ತಿಯಲ್ಲಿ ಎಂಜಿನಿಯರ್. ಗಾಳಿಯ ತಡೆಯ ಲೆಕ್ಕವೇ ಅವರ ಕಸುಬು.

ಕರ್ನಾಟಕದಲ್ಲಿ ಸೈಕ್ಲಿಂಗ್ ಎಂದರೆ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರ ನೆನಪು ಬರುತ್ತದೆ. ವಿಜಯಪುರಕ್ಕೊಂದು ವೆಲೋಡ್ರೋಮ್ ಬೇಕು ಎಂಬುದು ಹಳೆಯ ಬೇಡಿಕೆ, ಅದರ ಕಾಮಗಾರಿ ವರ್ಷಗಟ್ಟಲೆ ಎಳೆದದ್ದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಸುದ್ದಿ. ರಸ್ತೆಯಲ್ಲಿ ಸೈಕಲ್ ಕಲಿತ ಮಕ್ಕಳು ಟ್ರ್ಯಾಕ್‌ಗೆ ಬರುವಾಗ ಪಾಲಕರು ಮೊದಲು ಕೇಳುವುದು "ಯಾವ ಕಂಪ್ಯೂಟರ್ ಕೊಡಿಸಬೇಕು?" ಎಂದಾದರೆ ನಮ್ಮ ಉತ್ತರ ಇಷ್ಟೇ: ಮೊದಲ ಕೆಲವು ತಿಂಗಳು ಅದಕ್ಕೆ ದುಡ್ಡು ಹಾಕಬೇಡಿ. ಒಳ್ಳೆಯ ಹೆಲ್ಮೆಟ್, ಒಳ್ಳೆಯ ಟೈರು ಕೊಡಿಸಿ. ಸುತ್ತಿನ ಸಮಯ ಹಿಡಿಯಲು ನಿಮ್ಮ ಮೊಬೈಲಿನ ಸ್ಟಾಪ್‌ವಾಚ್ ಸಾಕು.

ಸ್ಕ್ರೀನ್‌ಶಾಟ್ ಬಂದರೆ

"ನಮ್ಮ ಹುಡುಗ ವೆಲೋಡ್ರೋಮ್‌ನಲ್ಲಿ 112 ಕಿ.ಮೀ. ವೇಗ ಮುಟ್ಟಿದ, ಒಲಿಂಪಿಕ್ಸ್‌ನವರಿಗಿಂತ ಜೋರು" ಎಂಬಂಥ ಸ್ಕ್ರೀನ್‌ಶಾಟ್ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸುವ ಮುನ್ನ 900ರ ಸೂತ್ರವನ್ನು ಹಿಂದುಮುಂದು ಮಾಡಿ. 900 ಅನ್ನು 112ರಿಂದ ಭಾಗಿಸಿದರೆ ಸುತ್ತಿಗೆ 8 ಸೆಕೆಂಡ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೆದರ್ಲೆಂಡ್ಸ್‌ನ ಹ್ಯಾರಿ ಲಾವ್ರೇಸನ್ ಮೇಲಿನಿಂದ ಇಳಿದು ಬಂದ ವೇಗದಲ್ಲಿ ಬರೀ 200 ಮೀಟರಿಗೆ ತೆಗೆದುಕೊಂಡದ್ದೇ 9.088 ಸೆಕೆಂಡ್, ಗಂಟೆಗೆ ಸುಮಾರು 79 ಕಿ.ಮೀ. ಆ ಹುಡುಗ ಸುಳ್ಳು ಹೇಳುತ್ತಿದ್ದಾನೆ ಎಂದೇನೂ ಅಲ್ಲ. ಅವನ ಕಂಪ್ಯೂಟರ್ ಚಾವಣಿಯ ಕೆಳಗೆ ಉಪಗ್ರಹ ಹುಡುಕಿ ಸೋತಿದೆ, ಅಷ್ಟೇ.

ಅವನ ನಿಜವಾದ ವೇಗ ತಿಳಿಯಬೇಕೆಂದರೆ ಮೂರು ವಿಷಯ ಕೇಳಿ: ಟ್ರ್ಯಾಕ್ ಎಷ್ಟು ಮೀಟರಿನದು, ಎಷ್ಟು ಸುತ್ತು ಹಾಕಿದ, ಎಷ್ಟು ಸಮಯವಾಯಿತು. ಸ್ಪರ್ಧೆಯ ಸಮಯವನ್ನಾದರೆ ಟ್ರ್ಯಾಕ್‌ಗೆ ಅಂಟಿಸಿದ ಎಲೆಕ್ಟ್ರಾನಿಕ್ ಪಟ್ಟಿಗಳು ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಹಿಡಿಯುತ್ತವೆ. ಲಾವ್ರೇಸನ್ ವೇಗದಲ್ಲಿ ಅಷ್ಟು ಹೊತ್ತಿನಲ್ಲಿ ಸೈಕಲ್ ಸರಿಯುವುದು ಎರಡು ಸೆಂಟಿಮೀಟರ್ ಚಿಲ್ಲರೆ. ಕೆಲವು ಮೀಟರ್ ಆಚೀಚೆ ತೋರಿಸುವ ಜಿಪಿಎಸ್‌ಗೆ ಅಲ್ಲಿ ಕೆಲಸವಿಲ್ಲ.

ಕಂಪ್ಯೂಟರ್ ಒಯ್ಯಲೇಬೇಕು ಎನ್ನುವವರು ಆ ವೆಲೋಡ್ರೋಮ್‌ನ ತರಬೇತಿ ನಿಯಮವನ್ನು ಮೊದಲು ಕೇಳಿ ತಿಳಿಯಿರಿ, ಏಕೆಂದರೆ ಅಭ್ಯಾಸದ ನಿಯಮ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಒಪ್ಪಿದರೆ ಸೀಟಿನ ಕೆಳಗೆ ಕಟ್ಟಿ, ಕ್ಲಿಪ್ ಜೊತೆಗೆ ಒಂದು ದಾರವನ್ನೂ ಬಿಗಿಯಿರಿ. ಬಟನ್ ಒತ್ತುವುದು ಟ್ರ್ಯಾಕ್ ಹತ್ತುವ ಮೊದಲು, ಮತ್ತೆ ಒತ್ತುವುದು ಕೆಳಗೆ ಇಳಿದು ಸೈಕಲ್ ನಿಲ್ಲಿಸಿದ ಮೇಲೆ.